ಫ್ಯಾಮಿಲಿ ಕಾರಿಗೆ ಚಳಿಗಾಲದ ಟೈರ್ ಮತ್ತೆ ರಿಮ್ ಆರಿಸೋದು ಹೇಗೆ: ಬ್ರಾಂಡ್ ಆಮೇಲೆ, ಮೊದಲು ಇದಿಷ್ಟು ನೋಡ್ಕೊಳ್ಳಿ

ಚಳಿಗಾಲದ ಟೈರ್ ತಗೊಳ್ಳೋಕೆ ಹೊರಟವರು ಕೇಳೋ ಮೊದಲನೇ ಪ್ರಶ್ನೆ ಯಾವಾಗ್ಲೂ "ಯಾವ ಬ್ರಾಂಡ್ ಒಳ್ಳೇದು?" ಅಂತಾನೇ. ನನ್ನ ಪ್ರಕಾರ ಅದು ಕೊನೇ ಪ್ರಶ್ನೆ. ಅದಕ್ಕೂ ಮುಂಚೆ ನೀವು ಓಡಾಡೋ ರಸ್ತೆ ಎಂಥದ್ದು, ನಿಮ್ಮ ಕಾರಿನ ಪೇಪರ್ ಏನು ಹೇಳತ್ತೆ, ರಿಮ್ ಎಷ್ಟು ಇಂಚಿಂದು ಹಾಕೋದು, ಈ ಮೂರು ತೀರ್ಮಾನ ಆಗ್ಬೇಕು. ಇದೇ ಕ್ರಮದಲ್ಲಿ ಹೋದ್ರೆ ಕೊನೇಲಿ ಬ್ರಾಂಡ್ ಆರಿಸೋದು ಹತ್ತು ನಿಮಿಷದ ಕೆಲಸ, ಉಲ್ಟಾ ಹೋದ್ರೆ ಒಳ್ಳೇ ಟೈರನ್ನೇ ತಂದು ತಪ್ಪು ಸೈಜಲ್ಲೋ ತಪ್ಪು ಜಾತಿಯದ್ದೋ ಹಾಕ್ಕೊಂಡು ಓಡಾಡ್ತೀರ.

ಇದು ನಿಜವಾಗ್ಲೂ ಬೇಕಾ?

ಬೇಸಿಗೆ ಟೈರಿನ ರಬ್ಬರನ್ನ ಕಾದ ರಸ್ತೆ ಮೇಲೂ ಮೆತ್ತಗಾಗದೆ ನಿಲ್ಲೋ ಹಾಗೆ ಮಾಡಿರ್ತಾರೆ. ಹೊರಗೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದ ಹಾಗೆಲ್ಲ ಅದೇ ರಬ್ಬರ್ ಬಿಗಿಯಾಗ್ತಾ ಹೋಗತ್ತೆ, ಹಳೇದಾಗಿ ಗಟ್ಟಿಯಾದ ರಬ್ಬರ್ ಚಪ್ಪಲಿ ಹಾಕ್ಕೊಂಡು ಒದ್ದೆ ಟೈಲ್ಸ್ ಮೇಲೆ ನಡೆದ ಹಾಗೆ ಆಗತ್ತೆ ಕಾರಿನ ಕಥೆ. 7 ಅನ್ನೋದು ಗೆರೆ ಎಳೆದ ಹಾಗೆ ಅಲ್ಲ, 8 ಡಿಗ್ರಿ ಇದ್ರೆ ಸೇಫು 6 ಆದ್ರೆ ಡೇಂಜರ್ ಅಂತೇನಿಲ್ಲ, ಒಂದು ಅಂದಾಜಷ್ಟೇ. ಆದ್ರೆ ಹಿಮ ಬಿದ್ದ ಮೇಲೆ ಅಂದಾಜಿನ ಮಾತೇ ಇಲ್ಲ: ತುಳಿದು ಗಟ್ಟಿಯಾದ ಹಿಮದ ಮೇಲೆ 50 ಕಿಲೋಮೀಟರ್ ಸ್ಪೀಡಲ್ಲಿ ಬ್ರೇಕ್ ಒತ್ತಿದ್ರೆ ಬೇಸಿಗೆ ಟೈರಿನ ಕಾರು ನಿಲ್ಲೋಕೆ ತಗೊಳ್ಳೋ ದೂರ ಚಳಿಗಾಲದ ಟೈರಿನ ಹೆಚ್ಚೂಕಮ್ಮಿ ಎರಡರಷ್ಟು.

ಯಾಕೆ ಅಂತ ನೋಡ್ಬೇಕಂದ್ರೆ ಒಂದು ಚಳಿಗಾಲದ ಟೈರನ್ನ ಹತ್ತಿರದಿಂದ ನೋಡಿ. ನೆಲಕ್ಕೆ ತಾಗೋ ಒಂದೊಂದು ರಬ್ಬರ್ ತುಂಡಿನ ಮೇಲೂ ಬ್ಲೇಡಲ್ಲಿ ಸೀಳಿದ ಹಾಗೆ ಅಂಕುಡೊಂಕು ಗೀರುಗಳಿರತ್ತೆ, ಕೂದಲೆಳೆಯಷ್ಟು ಸಣ್ಣ, ಇದಕ್ಕೆ ಸೈಪ್ ಅಂತಾರೆ. ಎರಡು ಹೆಬ್ಬೆಟ್ಟಿಂದ ಆ ತುಂಡನ್ನ ಪಕ್ಕಕ್ಕೆ ತಳ್ಳಿ ನೋಡಿ, ಗೀರುಗಳು ಬಾಯಿ ತೆರೀತವೆ. ರಸ್ತೆ ಮೇಲೆ ಆಗೋದೂ ಅದೇ, ಬ್ರೇಕ್ ಹಾಕಿದಾಗ ಪ್ರತಿ ಗೀರೂ ತೆರ್ಕೊಂಡು ಅದರ ಅಂಚು ಹಿಮಾನ ಕಚ್ಚತ್ತೆ. ತುಂಡುಗಳ ಮಧ್ಯದ ದೊಡ್ಡ ತೋಡುಗಳಲ್ಲಿ ಮಾತ್ರ ಒಂದಿಷ್ಟು ಹಿಮ ಒತ್ತಿ ತುಂಬ್ಕೊಳ್ಳತ್ತೆ, ಅಯ್ಯೋ ಕಟ್ಕೊಂಡ್ಬಿಡ್ತಲ್ಲ ಅಂತ ಅದನ್ನ ಕೆರೆದು ತೆಗೆಯೋಕೆ ಹೋಗ್ಬೇಡಿ, ಹಿಮಕ್ಕೆ ಹಿಮಾನೇ ಚೆನ್ನಾಗಿ ಅಂಟೋದು, ಅದು ಬೇಕಂತಲೇ ಹಾಗೆ ಮಾಡಿರೋದು. ಇದರ ಜೊತೆಗೆ ಚಳೀಲೂ ಮೆತ್ತಗಿರೋ ಹಾಗೆ ನ್ಯಾಚುರಲ್ ರಬ್ಬರ್, ಸಿಲಿಕಾ ಎಲ್ಲ ಬೇರೆ ಲೆಕ್ಕದಲ್ಲಿ ಬೆರೆಸಿರ್ತಾರೆ. ಇದೇನು ಹೊಸ ವಿದ್ಯೆ ಅಲ್ಲ ಬಿಡಿ, ಫಿನ್ಲೆಂಡಿನ ಕಂಪನಿ, ಈಗ ನೋಕಿಯನ್ ಟೈರ್ಸ್ ಅಂತಾರಲ್ಲ ಅವರು, 1934ರಲ್ಲೇ ಟ್ರಕ್ಕಿಗೆ ಚಳಿಗಾಲದ ಟೈರ್ ಮಾಡಿದ್ರು, 1936ರಲ್ಲಿ ಕಾರಿಗೂ ಬಂತು.

ಇಲ್ಲಿ ಎರಡು ವಾದ ಬಂದೇ ಬರತ್ತೆ. ಒಂದು, "ನಮ್ದು ಫೋರ್ ವೀಲ್ ಡ್ರೈವ್, ನಮಗ್ಯಾಕೆ?" ಫೋರ್ ವೀಲ್ ಡ್ರೈವ್ ನಿಮ್ಮನ್ನ ಹೊರಡಿಸತ್ತೆ, ನಿಲ್ಲಿಸಲ್ಲ. ಬ್ರೇಕ್ ಎಲ್ಲಾ ಕಾರಲ್ಲೂ ನಾಲ್ಕು ಚಕ್ರಕ್ಕೇ ಇರೋದು, ಅಲ್ಲಿ ಕೆಲಸ ಮಾಡೋದು ರಬ್ಬರ್ ಮಾತ್ರ. ಭಾರದ ಎಸ್‌ಯುವಿ ಆದ್ರಂತೂ ಇಳಿಜಾರಲ್ಲಿ ಇನ್ನೂ ಕಷ್ಟ. ಇನ್ನೊಂದು, "ಎಂಜಿನ್ ಓಡಿಸೋದು ಮುಂದಿನ ಚಕ್ರ ತಾನೇ, ಮುಂದಕ್ಕೆರಡು ಹಾಕಿದ್ರೆ ಸಾಕಲ್ವಾ?" ದಯವಿಟ್ಟು ಬೇಡ. ಮುಂದೆ ಹಿಡಿತ ಚೆನ್ನಾಗಿದ್ದು ಹಿಂದೆ ಇಲ್ಲ ಅಂದ್ರೆ ತಿರುವಲ್ಲಿ ಬ್ರೇಕ್ ಮುಟ್ಟಿದ ತಕ್ಷಣ ಹಿಂಭಾಗ ಪಕ್ಕಕ್ಕೆ ಜಾರಿ ಕಾರು ಗಿರ್ರ್ ಅಂತ ತಿರುಗತ್ತೆ, ಮಕ್ಕಳು ಕೂತಿರೋದೂ ಹಿಂದೇನೇ. ಹಾಕಿದ್ರೆ ನಾಲ್ಕೂ ಹಾಕಿ, ನಾಲ್ಕೂ ಒಂದೇ ಮಾಡೆಲ್. ಮುಂದೊಂದು ದಿನ ಸವೆತದಲ್ಲಿ ವ್ಯತ್ಯಾಸ ಬಂದ್ರೆ ಚೆನ್ನಾಗಿರೋ ಜೋಡಿ ಹಿಂದಕ್ಕೆ.

ಹೆಜ್ಜೆ 1: ನಿಮ್ಮ ಚಳಿಗಾಲ ಯಾವ ಥರದ್ದು

ಚಳಿಗಾಲದ ಟೈರ್ ಅಂದ್ರೆ ಒಂದೇ ಜಾತಿ ಅಲ್ಲ, ಜನ ಎಡವೋದು ಇಲ್ಲೇ ಜಾಸ್ತಿ. ಮುಖ್ಯವಾಗಿ ಮೂರು ಥರ ಇದೆ.

ಮಧ್ಯ ಯುರೋಪ್ ಮಾದರಿ ಅಂತ ಕರೆಯೋ ಟೈರ್: ಚಳಿಗಾಲದ ಬಹುಪಾಲು ದಿನ ರಸ್ತೆ ಒದ್ದೆ, ಉಪ್ಪು ಹಾಕಿ ಕರಗಿಸಿದ ಕೆಸರು ಹಿಮ, ನಡುನಡುವೆ ನಾಲ್ಕೈದು ದಿನ ನಿಜವಾದ ಹಿಮ, ಹೈವೇಲಿ 120-130 ಸ್ಪೀಡು, ಇಂಥ ಕಡೆಗೆ ಮಾಡಿರೋದು. ಒದ್ದೆ ರಸ್ತೇಲಿ ಚೆನ್ನಾಗಿ ನಿಲ್ಲತ್ತೆ, ಶುದ್ಧ ಐಸ್ ಮೇಲೆ ಸುಮಾರು.

ನಾರ್ಡಿಕ್ ಮಾದರಿ, ಮೊಳೆ ಇಲ್ಲದ್ದು: ಇದರ ರಬ್ಬರ್ ಇನ್ನೂ ಮೆತ್ತಗೆ, ಸೈಪ್ ಇನ್ನೂ ಜಾಸ್ತಿ. ತಿಂಗಳುಗಟ್ಟಲೆ ಸೊನ್ನೆಗಿಂತ ಕೆಳಗೇ ಇರೋ, ರಸ್ತೆ ಬಿಳೀನೇ ಇರೋ ಊರಿಗೆ ಇದು. ಐಸ್ ಮೇಲೆ ಮೊದಲನೇದಕ್ಕಿಂತ ಎಷ್ಟೋ ಮೇಲು, ಆದ್ರೆ 5 ಡಿಗ್ರಿ ಮಳೇಲಿ ಹೈವೇ ಮೇಲೆ ಗಟ್ಟಿ ಬ್ರೇಕ್ ಹಾಕಿದ್ರೆ ಮೊದಲನೇದರಷ್ಟು ಬೇಗ ನಿಲ್ಲಲ್ಲ, ಸ್ಟೀರಿಂಗ್ ಕೂಡ ಸ್ವಲ್ಪ ತೇಲಿದ ಹಾಗಿರತ್ತೆ. ಐಸಿಗೆ ಬೆಸ್ಟ್ ಅಂತೆ ಅಂತ ಕೇಳಿ ಮಳೆ ಚಳಿಗಾಲದ ಊರಲ್ಲಿ ಇದನ್ನ ಹಾಕ್ಕೊಂಡು ಓಡಾಡೋದು ನಿಜಕ್ಕೂ ರಿಸ್ಕು.

ಮೂರನೇದು ಮೊಳೆ ಟೈರ್, ಅಂದ್ರೆ ಸ್ಟಡೆಡ್. ಒದ್ದೆ ಐಸ್, ಸೊನ್ನೆ ಡಿಗ್ರಿ ಆಸುಪಾಸಲ್ಲಿ ಕನ್ನಡಿ ಥರ ಹೊಳೆಯೋ ರಸ್ತೆ, ಅಲ್ಲಿ ಇದರ ಮುಂದೆ ಯಾವುದೂ ಇಲ್ಲ. ಆದ್ರೆ ಕಾರೊಳಗೆ ಒಂದೇ ಸಮ ಗರಗರ ಸದ್ದು, ಟಾರ್ ರಸ್ತೆ ಸವೆದು ಧೂಳು, ಜೊತೆಗೆ ಕಾನೂನು. ಜರ್ಮನಿಯಲ್ಲಿ ಸಾಮಾನ್ಯ ರಸ್ತೆಗಳಲ್ಲಿ ಇದಕ್ಕೆ ನಿಷೇಧ ಇದೆ, ನಾರ್ವೆ, ಸ್ವೀಡನ್, ಫಿನ್ಲೆಂಡಲ್ಲಿ ಸೀಸನ್ನಲ್ಲಿ ಹಾಕ್ಬಹುದು.

ಇನ್ನು ಆಲ್ ಸೀಸನ್. ಹಿಮ ವರ್ಷಕ್ಕೆರಡು ದಿನ ಬಂದ್ರೆ ಬಂತು, ಅವತ್ತು ಬೇಕಾದ್ರೆ ಕಾರು ಮನೇಲೇ ಬಿಡ್ತೀನಿ, ಓಡಾಟ ಸಿಟಿ ಒಳಗೇನೇ ಅನ್ನೋರಿಗೆ ಆಲ್ ಸೀಸನ್ ಸಾಕು, ಎರಡನೇ ಸೆಟ್ಟಿನ ತಲೆನೋವೇ ಇಲ್ಲ. ಬೆಟ್ಟಗುಡ್ಡದ ಕಡೆ ವಾರವಾರ ಹೋಗೋರು, ಬೆಳಿಗ್ಗೆ ಆರಕ್ಕೇ ಉಪ್ಪು ಗಾಡಿ ಬರೋಕೂ ಮುಂಚೆ ಮನೆ ಬಿಡೋರು, ಇವರಿಗೆ ನಾನಂತೂ ಹೇಳಲ್ಲ.

ಕಾನೂನು ಒಂದ್ಸಲ ನೋಡ್ಕೊಳ್ಳಿ, ದೇಶದಿಂದ ದೇಶಕ್ಕೆ ಬೇರೆ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ, ರಸ್ತೆ ಒಣಗಿದ್ರೂ ಸೈ. ಸ್ವೀಡನ್ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 31, ಆದ್ರೆ ರಸ್ತೇಲಿ ಚಳಿಗಾಲದ ಸ್ಥಿತಿ ಇದ್ದಾಗ. ಆಸ್ಟ್ರಿಯಾದಲ್ಲೂ ಅದೇ ಥರ, ನವೆಂಬರ್ 1ರಿಂದ ಏಪ್ರಿಲ್ 15. ಜರ್ಮನಿಯಲ್ಲಿ ತಾರೀಕೇ ಇಲ್ಲ, ರಸ್ತೆ ಮೇಲೆ ಹಿಮ ಐಸ್ ಇದ್ದಾಗ ನಿಮ್ಮ ಕಾರಿಗೆ ಸರಿಯಾದ ಟೈರ್ ಇರ್ಬೇಕು, ಅಷ್ಟೇ. ರಜೆಗೆ ಗಡಿ ದಾಟಿ ಹೋಗೋರಾದ್ರೆ ಹೋಗೋ ದೇಶದ್ದೂ, ದಾರೀಲಿ ಸಿಗೋ ದೇಶದ್ದೂ ನೋಡಿ.

ಹೆಜ್ಜೆ 2: ಕಾರಿನ ಪೇಪರ್ ಮತ್ತೆ ಬಾಗಿಲ ಸ್ಟಿಕ್ಕರ್

ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲೋ, ಇಲ್ಲ ಪೆಟ್ರೋಲ್ ಮುಚ್ಚಳದ ಒಳಗಡೇನೋ ಒಂದು ಸ್ಟಿಕ್ಕರ್ ಇರತ್ತೆ, ಟೈರ್ ಸೈಜು, ಗಾಳಿ ಎಷ್ಟು ಹೊಡೆಸ್ಬೇಕು ಅಂತ. ಮ್ಯಾನುಯಲ್ಲಲ್ಲಿ ಇನ್ನೂ ವಿವರವಾಗಿ ಯಾವ್ಯಾವ ಸೈಜ್ ಒಪ್ಪಿಗೆ ಇದೆ, ಸ್ನೋ ಚೈನ್ ಯಾವ ಸೈಜಿಗೆ ಹಾಕ್ಬಹುದು ಅಂತ ಇರತ್ತೆ. ಈ ಚೈನಿನ ಸಾಲು ಬಹಳ ಜನ ಓದೋದೇ ಇಲ್ಲ. ಅಗಲದ ಟೈರಿಗೂ ಮಡ್‌ಗಾರ್ಡ್ ಒಳಮೈಗೂ ಮಧ್ಯೆ ಚೈನ್ ಹಿಡಿಯೋಷ್ಟು ಜಾಗ ಇಲ್ದೆ ಇರೋ ಕಾರುಗಳು ಬೇಕಾದಷ್ಟಿವೆ, ಘಾಟಿ ಬುಡದಲ್ಲಿ ಚೈನ್ ಹಾಕಿ ಅಂತ ಬೋರ್ಡ್ ನೋಡಿದಾಗ ಗೊತ್ತಾದ್ರೆ ಏನು ಪ್ರಯೋಜನ.

ಈಗ ಸೈಜ್ ಓದೋದು. 205/55 ಆರ್ 16 91 ಎಚ್ ಅಂತಿದ್ರೆ, ಅಗಲ 205 ಮಿಲಿಮೀಟರ್, ಮಗ್ಗಲಿನ ಎತ್ತರ ಅಗಲದ ಶೇಕಡಾ 55, ರಿಮ್ 16 ಇಂಚು. 91 ಅನ್ನೋದು ಲೋಡ್ ಇಂಡೆಕ್ಸ್, ಒಂದು ಟೈರ್ 615 ಕೆಜಿ ಹೊರತ್ತೆ ಅಂತ, 94 ಆದ್ರೆ 670 ಕೆಜಿ. ಕಾರಿಗೆ ಹೇಳಿರೋದಕ್ಕಿಂತ ಕಮ್ಮಿ ಲೋಡ್ ಇಂಡೆಕ್ಸ್ ಯಾವತ್ತೂ ಬೇಡ, ಅದರಲ್ಲೂ ಏಳು ಸೀಟಿನ ಗಾಡಿ, ಮೇಲೆ ಲಗೇಜ್ ಬಾಕ್ಸ್, ಇಲ್ಲ ಬ್ಯಾಟರಿ ಭಾರ ಇರೋ ಎಲೆಕ್ಟ್ರಿಕ್ ಕಾರು ಅಂದ್ರೆ ಇದನ್ನ ಎರಡೆರಡು ಸಲ ನೋಡಿ. ಜಾಸ್ತಿ ಇದ್ರೆ ತೊಂದರೆ ಇಲ್ಲ. ಕೊನೇ ಅಕ್ಷರ ಸ್ಪೀಡಿಂದು: ಕ್ಯೂ 160, ಟಿ 190, ಎಚ್ 210, ವಿ 240. ಚಳಿಗಾಲದ ಟೈರಿಗೆ ಮೂಲದ್ದಕ್ಕಿಂತ ಕಮ್ಮಿ ಸ್ಪೀಡ್ ಅಕ್ಷರ ಯುರೋಪಿನ ಬಹುಪಾಲು ದೇಶದಲ್ಲಿ ನಡೆಯತ್ತೆ, ಕಾರಿನ ಟಾಪ್ ಸ್ಪೀಡ್ ಅದಕ್ಕಿಂತ ಜಾಸ್ತಿ ಇದ್ರೆ ಡ್ರೈವರ್ ಕಣ್ಣಿಗೆ ಕಾಣೋ ಹಾಗೆ ಒಂದು ಸ್ಟಿಕ್ಕರ್ ಅಂಟಿಸ್ಬೇಕು ಅಷ್ಟೇ.

ಹೆಜ್ಜೆ 3: ರಿಮ್ ಚಿಕ್ಕದು ಮಾಡಿ

ನನ್ನ ಗಟ್ಟಿ ಅಭಿಪ್ರಾಯ, ಚಳಿಗಾಲಕ್ಕೆ ಬೇರೆ ರಿಮ್ಮೇ ತಗೊಳ್ಳಿ, ಅದೂ ಕಾರಿಗೆ ಒಪ್ಪಿಗೆ ಇರೋದರಲ್ಲೇ ಚಿಕ್ಕ ಸೈಜು. ಒಂದೇ ರಿಮ್ಮಿಗೆ ವರ್ಷಕ್ಕೆರಡು ಸಲ ಟೈರ್ ಬಿಚ್ಚಿ ಹಾಕಿದ್ರೆ ಪ್ರತಿ ಸಲವೂ ಕೂಲಿ, ಬ್ಯಾಲೆನ್ಸಿಂಗ್ ದುಡ್ಡು, ಮೇಲೆ ಟೈರಿನ ಅಂಚಿಗೆ ಪೆಟ್ಟು. ಬೇರೆ ರಿಮ್ಮಲ್ಲಿ ಕೂತಿದ್ರೆ ಜಾಕ್ ಕೊಟ್ಟು ನೀವೇ ಬದಲಾಯಿಸ್ಕೊಬಹುದು, ಕೆಲವು ವರ್ಷಕ್ಕೆ ರಿಮ್ಮಿನ ದುಡ್ಡು ತಾನೇ ವಾಪಸ್ ಬರತ್ತೆ.

ಚಿಕ್ಕದು ಯಾಕೆ ಅಂತೀರಾ? ಕಾರಿಗೆ 225/45 ಆರ್ 17 ಬಂದಿದೆ ಅನ್ಕೊಳ್ಳಿ. ಅದರ ಒಟ್ಟು ವ್ಯಾಸ 634 ಮಿಲಿಮೀಟರ್. 205/55 ಆರ್ 16 ಹಾಕಿದ್ರೆ 632, 195/65 ಆರ್ 15 ಹಾಕಿದ್ರೂ 634ರ ಮೇಲೆ ಸ್ವಲ್ಪ, ಅಂದ್ರೆ ಮೂರೂ ಒಂದೇ ಎತ್ತರ, ಸ್ಪೀಡೋಮೀಟರ್ ಏನೂ ಸುಳ್ಳು ಹೇಳಲ್ಲ. ಬದಲಾಗೋದು ಮಗ್ಗಲು: 17ರಲ್ಲಿ 101 ಮಿಲಿಮೀಟರ್ ಇದ್ದ ರಬ್ಬರ್ 15ಕ್ಕೆ ಬಂದ್ರೆ 127 ಆಗತ್ತೆ. ಹಿಮದ ಕೆಳಗೆ ಮುಚ್ಚಿಹೋದ ಗುಂಡಿಗೋ ಫುಟ್‌ಪಾತ್ ಅಂಚಿಗೋ ಬಡಿದಾಗ ಪೆಟ್ಟು ತಿನ್ನೋದು ಆ ರಬ್ಬರ್, ರಿಮ್ ಅಲ್ಲ. ಟೈರ್ ಕಿರಿದಾದ್ರೆ ಅಷ್ಟೇ ಭಾರ ಕಮ್ಮಿ ಅಗಲದ ಮೇಲೆ ಬಿದ್ದು ಕೆಸರು ಹಿಮಾನ ಸೀಳ್ಕೊಂಡು ಕೆಳಗಿನ ರಸ್ತೆ ಮುಟ್ಟತ್ತೆ, ಅಗಲದ್ದು ಅದೇ ಕೆಸರಿನ ಮೇಲೆ ತೇಲೋಕೆ ನೋಡತ್ತೆ. ಮೇಲಾಗಿ 15, 16 ಇಂಚಿನ ಟೈರ್ 18 ಇಂಚಿಂದಕ್ಕಿಂತ ಅಗ್ಗ. ಒಣ ರಸ್ತೇಲಿ ತಿರುವು ಹೊಡೆಯೋವಾಗ ಅಗಲದ ಟೈರಿನ ಬಿಗಿ ಇರಲ್ಲ, ಅದು ನಿಜ, ಫ್ಯಾಮಿಲಿ ಕಾರಲ್ಲಿ ಅದನ್ಯಾರು ಕೇಳ್ತಾರೆ.

ಎಷ್ಟು ಚಿಕ್ಕದು ಅಂದ್ರೆ ಬ್ರೇಕ್ ಕ್ಯಾಲಿಪರ್, ಅಂದ್ರೆ ಚಕ್ರದೊಳಗೆ ಬ್ರೇಕ್ ಡಿಸ್ಕನ್ನ ಹಿಡಿಯೋ ಭಾಗ, ಅದು ಬಿಟ್ಟಷ್ಟು. ಒಂದೇ ಮಾಡೆಲ್ ಕಾರಲ್ಲೂ ದೊಡ್ಡ ಎಂಜಿನ್ನಿಂದಕ್ಕೆ ಬ್ರೇಕ್ ದೊಡ್ಡದಿರತ್ತೆ, ಪಕ್ಕದ ಮನೆಯವರ ಅದೇ ಕಾರಿಗೆ 15 ಇಂಚು ಕೂತಿದೆ ಅಂದ ಮಾತ್ರಕ್ಕೆ ನಿಮ್ಮದಕ್ಕೆ ಕೂರಬೇಕು ಅಂತಿಲ್ಲ. ಪೇಪರಲ್ಲಿ ಇರೋ ಕನಿಷ್ಠ ಸೈಜೇ ಕೊನೇ ಮಾತು.

ರಿಮ್ ಕೊಳ್ಳೋವಾಗ ನಾಲ್ಕು ಅಳತೆ ಹೊಂದ್ಬೇಕು. ಬೋಲ್ಟ್ ತೂತುಗಳ ವೃತ್ತ, ಪಿಸಿಡಿ ಅಂತಾರೆ, 5 ಇನ್ಟು 112 (5 ಬೋಲ್ಟ್, 112 ಮಿಲಿಮೀಟರ್ ವೃತ್ತ), 5 ಇನ್ಟು 108, 5 ಇನ್ಟು 114.3 ಹೀಗೆ. 112ಕ್ಕೂ 114.3ಕ್ಕೂ ಬರೀ ಕಣ್ಣಿಗೆ ವ್ಯತ್ಯಾಸವೇ ಕಾಣಲ್ಲ, ಒತ್ತಾಯ ಮಾಡಿ ಕೂರಿಸಿದ್ರೆ ಬೋಲ್ಟ್ ಓರೆಯಾಗಿ ಕೂತು ಓಡಾಡ್ತಾ ಸಡಿಲ ಆಗತ್ತೆ, ಇದು ಪ್ರಾಣದ ವಿಷಯ. ಎರಡನೇದು ಆಫ್‌ಸೆಟ್, ರಿಮ್ ಮೇಲೆ ಇಟಿ 45 ಅಂತ ಕೆತ್ತಿರತ್ತೆ, ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ (ಹಬ್ ಅಂದ್ರೆ ಚಕ್ರ ಬೋಲ್ಟ್ ಆಗೋ ಕಾರಿನ ಭಾಗ) ಕೂರೋ ಮುಖ ಎಷ್ಟು ಮಿಲಿಮೀಟರ್ ಆಚೆ ಅಂತ. ಈ ಸಂಖ್ಯೆ ಕಮ್ಮಿ ಆದಷ್ಟೂ ಚಕ್ರ ಹೊರಗೆ ಬರತ್ತೆ. ಮೂರನೇದು ರಿಮ್ಮಿನ ಅಗಲ, 6.5 ಜೆ ಥರ, ಅಂದ್ರೆ 6.5 ಇಂಚು. ನಾಲ್ಕನೇದು ನಡುವಿನ ತೂತು. ಇದು ಹಬ್ಬಿಗಿಂತ ದೊಡ್ಡದಿದ್ರೆ ಸರಿಯಾದ ಸೈಜಿನ ರಿಂಗ್ ಹಾಕ್ಬೇಕು, ಇಲ್ಲಾಂದ್ರೆ ಚಕ್ರ ನಡುವಿಗೆ ಕೂರದೆ 90-100 ಸ್ಪೀಡಲ್ಲಿ ಸ್ಟೀರಿಂಗ್ ನಡುಗತ್ತೆ, ನೀವು ಬ್ಯಾಲೆನ್ಸಿಂಗ್ ಸರಿ ಇಲ್ಲ ಅಂತ ಅಂಗಡಿಯವನ ಜೊತೆ ಜಗಳ ಆಡ್ತೀರ.

ಬೋಲ್ಟ್ ಮರೀಬೇಡಿ. ಅಲಾಯ್ ರಿಮ್ಮಿನ ಬೋಲ್ಟ್ ಸ್ಟೀಲಿಗೆ ಆಗುತ್ತಾ ಅನ್ನೋದು ಕಾರಿನಿಂದ ಕಾರಿಗೆ ಬೇರೆ. ಕೂರೋ ಜಾಗ ಕೆಲವದ್ದು ಕೋನ್ ಆಕಾರ, ಕೆಲವದ್ದು ಗುಂಡು, ಉದ್ದವೂ ಬೇರೆ. ಉದ್ದ ಜಾಸ್ತಿ ಆದ್ರೆ ಒಳಗೆ ಬ್ರೇಕಿನ ಭಾಗಕ್ಕೆ ತಾಗತ್ತೆ, ಕಮ್ಮಿ ಆದ್ರೆ ಹಿಡಿತ ಸಾಲಲ್ಲ, ಕೈಯಲ್ಲಿ ತಿರುಗಿಸಿ ನೋಡಿದಾಗ ಆರೇಳು ಪೂರ್ತಿ ಸುತ್ತಾದ್ರೂ ಒಳಗೆ ಹೋಗ್ಬೇಕು.

ಸ್ಟೀಲಾ ಅಲಾಯಾ? ಸ್ಟೀಲ್ ನೋಡೋಕೆ ಚೆನ್ನಾಗಿಲ್ಲ, ಅಷ್ಟೇ ಅದರ ತಪ್ಪು. ಅಗ್ಗ, ಜೋರಾಗಿ ಬಡಿದ್ರೆ ಬಗ್ಗತ್ತೆ, ಸೀಳಲ್ಲ. ಅಲಾಯ್ ಬೇಕೇ ಬೇಕು ಅಂದ್ರೆ ಪೂರ್ತಿ ಪೇಂಟ್ ಮಾಡಿದ್ದು, ಚಳಿಗಾಲಕ್ಕೆ ಆಗತ್ತೆ ಅಂತ ಕಂಪನಿಯವರೇ ಬರೆದಿರೋದು ತಗೊಳ್ಳಿ. ಹೊಳೆಯೋ ಡೈಮಂಡ್ ಕಟ್ ರಿಮ್ ಮಾತ್ರ ಚಳಿಗಾಲಕ್ಕೆ ಬೇಡವೇ ಬೇಡ, ಒಂದು ಸಣ್ಣ ಕಲ್ಲು ತಾಗಿ ಮೇಲಿನ ವಾರ್ನಿಶ್ ಎದ್ರೆ ಸಾಕು, ರಸ್ತೆ ಉಪ್ಪು ಅದರ ಕೆಳಗೆ ನುಗ್ಗಿ ಹುಳ ಹರಿದ ಹಾಗೆ ಬಿಳಿ ಗೆರೆ ಎಳೀತಾ ಹೋಗತ್ತೆ.

ಹೆಜ್ಜೆ 4: ಗಾಳಿ ಸೆನ್ಸರ್

ಟೈರಲ್ಲಿ ಗಾಳಿ ಕಮ್ಮಿ ಆದ್ರೆ ಎಚ್ಚರಿಸೋ ವ್ಯವಸ್ಥೆಗೆ ಟಿಪಿಎಂಎಸ್ ಅಂತಾರೆ, ಅದು ಎರಡು ಥರ. ಒಂದರಲ್ಲಿ ಪ್ರತಿ ಚಕ್ರದೊಳಗೆ ವಾಲ್ವ್ ಹತ್ರ ಬ್ಯಾಟರಿ ಇರೋ ಸೆನ್ಸರ್ ಕೂತಿರತ್ತೆ, ಇನ್ನೊಂದು ಸೆನ್ಸರೇ ಇಲ್ಲದೆ ಎಬಿಎಸ್ ಕೊಡೋ ಚಕ್ರದ ತಿರುಗುವಿಕೆ ಲೆಕ್ಕದಿಂದ ಯಾವುದರಲ್ಲಿ ಗಾಳಿ ಕಮ್ಮಿ ಅಂತ ಊಹಿಸತ್ತೆ. ಎರಡನೇದಾದ್ರೆ ನಿಮಗೆ ಖರ್ಚಿಲ್ಲ, ಚಕ್ರ ಬದಲಾಯಿಸಿ ರೀಸೆಟ್ ಮಾಡಿದ್ರಾಯ್ತು. ಮೊದಲನೇದಾದ್ರೆ ಎರಡನೇ ಸೆಟ್ಟಿಗೂ ಸೆನ್ಸರ್ ಬೇಕು. ಡ್ಯಾಶ್‌ಬೋರ್ಡಲ್ಲಿ ಒಂದೊಂದು ಚಕ್ರದ್ದೂ ಗಾಳಿ ಅಂಕಿ ಸಮೇತ ತೋರಿಸ್ತಿದ್ರೆ ಬಹುತೇಕ ಮೊದಲನೇದೇ. ಯುರೋಪಿಯನ್ ಯೂನಿಯನ್ನಲ್ಲಿ 2014ರ ನವೆಂಬರಿಂದ ಹೊಸ ಕಾರಿಗೆಲ್ಲ ಇದು ಕಡ್ಡಾಯ, ಹಾಗಾಗಿ ಚಳಿಗಾಲದ ಸೆಟ್ಟಲ್ಲಿ ಸೆನ್ಸರ್ ಬಿಟ್ಟು ಲೈಟ್ ಉರೀತಾ ಇರ್ಲಿ ಅಂತ ಓಡಾಡಿದ್ರೆ ವಾರ್ಷಿಕ ತಪಾಸಣೇಲಿ ಫೇಲ್ ಆಗೋ ಚಾನ್ಸ್ ಇದೆ. ಟೈರ್ ಕೂರಿಸೋಕೆ ಮುಂಚೇನೇ ಸೆನ್ಸರ್ ಮಾತಾಡ್ಕೊಳ್ಳಿ, ಆಮೇಲೆ ನೆನಪಾದ್ರೆ ನಾಲ್ಕೂ ಬಿಚ್ಚಿಸ್ಬೇಕು.

ಹೆಜ್ಜೆ 5: ಈಗ ಟೈರ್

ಮೊದಲು ಗುರುತು. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರ ಮಗ್ಗಲ ಮೇಲೆ ಇರ್ಲೇಬೇಕು, ಅಂದ್ರೆ ಆ ಟೈರ್ ಹಿಮದ ಮೇಲೆ ಹಿಡಿತದ ಟೆಸ್ಟ್ ಪಾಸಾಗಿದೆ ಅಂತ. ಬರೀ ಎಂ ಪ್ಲಸ್ ಎಸ್ (ಮಡ್ ಮತ್ತೆ ಸ್ನೋ) ಅಂತಿದ್ರೆ ಅದು ಕಂಪನಿಯವರೇ ಹೇಳ್ಕೊಂಡಿರೋ ಮಾತು, ಟೆಸ್ಟ್ ಏನೂ ಇಲ್ಲ. ಜರ್ಮನಿಯಲ್ಲಿ 2024ರ ಅಕ್ಟೋಬರಿಂದ ಬರೀ ಎಂ ಪ್ಲಸ್ ಎಸ್ ಟೈರನ್ನ ಚಳಿಗಾಲದ ಟೈರ್ ಅಂತ ಒಪ್ಪೋದೇ ಇಲ್ಲ. ಯುರೋಪಿನ ಟೈರ್ ಲೇಬಲ್ 2021ರ ಮೇ ತಿಂಗಳಲ್ಲಿ ಬದಲಾಯ್ತು, ಹಿಮದ ಗುರುತಿನ ಜೊತೆ ಐಸ್ ಗುರುತೂ ಬೇರೆ ಬರತ್ತೆ. ಐಸ್ ಗುರುತಿದ್ರೆ ಅದು ನಾರ್ಡಿಕ್ ಜಾತಿ ಅಂತ ತಿಳ್ಕೊಬಹುದು, ಅದರಲ್ಲಿ ಒದ್ದೆ ರಸ್ತೆಯ ಗ್ರೇಡ್ ಕೆಳಗಿರೋದು ಸಾಮಾನ್ಯ. ಮೊದಲನೇ ಹೆಜ್ಜೇಲಿ ನೀವು ತೀರ್ಮಾನ ಮಾಡಿದ್ದು ಇಲ್ಲಿ ಕೆಲಸಕ್ಕೆ ಬರತ್ತೆ.

ಟೆಸ್ಟ್ ರಿಪೋರ್ಟ್ ಓದಿ, ಜರ್ಮನಿಯ ಎಡಿಎಸಿ ಥರದ ಆಟೋ ಕ್ಲಬ್ಬುಗಳು ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಮಾಡ್ತಾರೆ. ಆದ್ರೆ ಒಟ್ಟು ಮಾರ್ಕ್ಸ್ ನೋಡಿ ನಿಲ್ಲಿಸ್ಬೇಡಿ. ನಿಮ್ಮದೇ ಸೈಜೋ ಹತ್ತಿರದ ಸೈಜೋ ಇರೋದು ನೋಡಿ, ಆಮೇಲೆ ಒದ್ದೆ ಬ್ರೇಕಿಂಗ್, ಹಿಮದ ಬ್ರೇಕಿಂಗ್ ಈ ಎರಡು ಕಾಲಮ್ ಬೇರೆ ಬೇರೆಯಾಗಿ ನೋಡಿ. ಎಲ್ಲದರಲ್ಲೂ ಫಸ್ಟ್ ಬರೋ ಟೈರ್ ಇಲ್ಲ, ನನಗೆ ಬೇಕಾಗಿರೋದು ಎಲ್ಲೂ ಫೇಲ್ ಆಗದೇ ಇರೋದು. ತೀರಾ ಅಗ್ಗದವು ಸಾಮಾನ್ಯವಾಗಿ ಸಿಕ್ಕಿಹಾಕ್ಕೊಳ್ಳೋದು ಒದ್ದೆ ರಸ್ತೇಲಿ. ದೊಡ್ಡ ಕಂಪನಿಗಳ ಎರಡನೇ ಸಾಲಿನ ಬ್ರಾಂಡ್ ಇರತ್ತಲ್ಲ, ಬಜೆಟ್ ಬಿಗಿ ಇದ್ದೋರಿಗೆ ಅಲ್ಲಿ ಒಳ್ಳೇದು ಸಿಗತ್ತೆ.

ಮಗ್ಗಲ ಮೇಲೆ ಡಿಓಟಿ ಅಂತ ಶುರುವಾಗೋ ಸಾಲಿನ ಕೊನೇ ನಾಲ್ಕು ಅಂಕಿ ಹುಟ್ಟಿದ ತಾರೀಕು: 3524 ಅಂದ್ರೆ 2024ರ 35ನೇ ವಾರ. ಸೆಕೆಂಡ್ ಹ್ಯಾಂಡ್ ಸೆಟ್ ತಗೊಳ್ಳೋರು ಮೊದಲು ನೋಡ್ಬೇಕಾದ್ದು ಇದೇ. ಬಟನ್ ಎಷ್ಟೇ ಉಳಿದಿದ್ರೂ ಏಳೆಂಟು ವರ್ಷದ ರಬ್ಬರ್ ಗಟ್ಟಿಯಾಗಿರತ್ತೆ, ಉಗುರು ಒತ್ತಿದ್ರೇನೇ ಗೊತ್ತಾಗತ್ತೆ. ಹೊಸ ಚಳಿಗಾಲದ ಟೈರಲ್ಲಿ ತೋಡಿನ ಆಳ ಸುಮಾರು 8 ಮಿಲಿಮೀಟರ್ ಇರತ್ತೆ. ಯುರೋಪಲ್ಲಿ ಟೈರಿಗೆ ಸಾಮಾನ್ಯ ಮಿತಿ 1.6, ಸ್ವೀಡನ್ನಲ್ಲಿ ಚಳಿಗಾಲದ್ದಕ್ಕೆ 3, ಆಸ್ಟ್ರಿಯಾದಲ್ಲಿ 4. ನಿಮ್ಮ ದೇಶದ ಕಾನೂನು ಏನೇ ಇರ್ಲಿ, 4ಕ್ಕಿಂತ ಕೆಳಗೆ ಹೋದ ಮೇಲೆ ಹಿಮದಲ್ಲಿ ಅದು ಹೆಸರಿಗಷ್ಟೇ ಚಳಿಗಾಲದ ಟೈರ್. ಹಳೇ ರಿಮ್ ಆದ್ರೆ ಬ್ಯಾಲೆನ್ಸಿಂಗ್ ಮೆಷಿನ್ನಿಗೆ ಹಾಕಿ ತಿರುಗಿಸಿ ತೋರ್ಸಿ ಅನ್ನಿ, ಬಗ್ಗಿದ್ರೆ ಅಂಚು ಅತ್ತಿತ್ತ ಓಲಾಡತ್ತೆ.

ಮೊದಲ ಹಿಮ ಬಿದ್ದ ದಿನ ಅಂಗಡಿಗೆ ಹೋಗ್ಬೇಡಿ, ಅವತ್ತು ಇರೋ ಸ್ಟಾಕಲ್ಲಿ ಅವರು ಆರಿಸ್ತಾರೆ, ನೀವಲ್ಲ.

ಹೆಜ್ಜೆ 6: ಹಾಕೋದು

ಚಕ್ರ ಬಿಚ್ಚಿದ ಮೇಲೆ ಹಬ್ಬಿನ ಮುಖ ನೋಡಿ, ಕಂದು ಬಣ್ಣದ ತುಕ್ಕು ಪದರಪದರವಾಗಿ ಕೂತಿರತ್ತೆ. ವೈರ್ ಬ್ರಷ್ ತಗೊಂಡು ಲೋಹ ಕಾಣೋವರೆಗೂ ಉಜ್ಜಿ, ರಿಮ್ಮಿನ ಒಳಮುಖಾನೂ ಅಷ್ಟೇ. ಆ ತುಕ್ಕಿನ ಚೂರು ಮಧ್ಯೆ ಸಿಕ್ಕಿದ್ರೆ ಚಕ್ರ ಕೂದಲೆಳೆಯಷ್ಟು ಓರೆ ಕೂರತ್ತೆ, ಓಡಾಡ್ತಾ ಪುಡಿಯಾದ ಮೇಲೆ ಬೋಲ್ಟ್ ಸಡಿಲ. ಬೋಲ್ಟಿನ ಥ್ರೆಡ್ಡಿಗೆ ಎಣ್ಣೆ ಗ್ರೀಸ್ ಹಚ್ಬೇಡಿ, ಮ್ಯಾನುಯಲ್ ಹೇಳಿದ್ರೆ ಮಾತ್ರ. ಟೈರ್ ಮೇಲೆ ಬಾಣದ ಗುರುತಿದ್ರೆ ಕಾರು ಮುಂದೆ ಹೋಗೋವಾಗ ಚಕ್ರ ತಿರುಗೋ ದಿಕ್ಕಿಗೆ ಬಾಣ ಇರ್ಬೇಕು, ಅಂಗಡಿಯವರು ಹಾಕಿದ್ರೂ ನೀವೊಂದು ಸುತ್ತು ಬಂದು ನೋಡಿ.

ಬೋಲ್ಟುಗಳನ್ನ ಮೊದಲು ಕೈಯಲ್ಲಿ, ಆಮೇಲೆ ಎದುರುಬದುರು ನಕ್ಷತ್ರದ ಕ್ರಮದಲ್ಲಿ ಬಿಗಿ ಮಾಡಿ, ಕೊನೇ ಬಿಗಿ ಕಾರು ನೆಲಕ್ಕಿಳಿದ ಮೇಲೆ ಟಾರ್ಕ್ ರೆಂಚಲ್ಲಿ. ಎಷ್ಟು ಅನ್ನೋದು ಮ್ಯಾನುಯಲ್ಲಲ್ಲಿ ಇರತ್ತೆ, ಬಹಳ ಕಾರಿಗೆ 100ರಿಂದ 140 ನ್ಯೂಟನ್ ಮೀಟರ್ ಒಳಗೆ. ಸ್ಪಾನರ್ ಮೇಲೆ ನಿಂತು ಕುಣಿಯೋದು ಬೇಡ. 50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಂದು ಸಲ ರೆಂಚ್ ಹಾಕಿ ನೋಡಿ. ಹೊಸ ಟೈರ್ ಆದ್ರೆ ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಮೆತ್ತಗೆ ಓಡ್ಸಿ, ಮೊಳೆ ಟೈರಿಗೆ 500, ಮೊಳೆ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂರ್ಬೇಕು.

ಗಾಳಿ

10 ಡಿಗ್ರಿ ಚಳಿ ಜಾಸ್ತಿ ಆದ್ರೆ ಟೈರಲ್ಲಿ ಸುಮಾರು 0.1 ಬಾರ್ ಗಾಳಿ ಇಳಿಯತ್ತೆ. 20 ಡಿಗ್ರಿ ಇರೋ ಬೆಚ್ಚಗಿನ ಗ್ಯಾರೇಜಲ್ಲಿ ಸರಿಯಾಗಿ ಹೊಡೆಸಿ ಮೈನಸ್ 10ಕ್ಕೆ ಹೊರಗೆ ಬಂದ್ರೆ 0.3 ಬಾರಿಗಿಂತ ಜಾಸ್ತಿ, ಅಂದ್ರೆ ಹತ್ತಿರತ್ತಿರ 5 ಪಿಎಸ್ಐ ಕಮ್ಮಿ ಆಗಿರತ್ತೆ, ಪಂಚರ್ ಏನೂ ಆಗಿರಲ್ಲ. ಅದಕ್ಕೇ ಕಾರು ರಾತ್ರಿಯೆಲ್ಲ ಹೊರಗೆ ನಿಂತಿದ್ದಾಗ, ಓಡಿಸೋಕೆ ಮುಂಚೆ ನೋಡ್ಬೇಕು, ತಿಂಗಳಿಗೊಂದ್ಸಲ ಸಾಕು. ಎಲ್ಲರೂ ಕೂತು ಡಿಕ್ಕಿ ತುಂಬಿ ದೂರ ಹೋಗ್ತಿದ್ರೆ ಸ್ಟಿಕ್ಕರಲ್ಲಿ ಫುಲ್ ಲೋಡ್ ಅಂತ ಇರೋ ಅಂಕಿ ಹೊಡೆಸಿ. ಹಿಮದಲ್ಲಿ ಹಿಡಿತ ಬರ್ಲಿ ಅಂತ ಗಾಳಿ ಇಳಿಸೋರಿದ್ದಾರೆ, ಮಾಮೂಲಿ ರಸ್ತೇಲಿ ಅದು ಬೇಡ.

ತೆಗೆದು ಇಡೋದು

ವಸಂತಕ್ಕೆ ಬೆಳಗಿನ ಹೊತ್ತೂ 7 ಡಿಗ್ರಿ ಮೇಲೇ ಇರೋಕೆ ಶುರುವಾದ್ರೆ ತೆಗೀರಿ, ಬಿಸಿಲಲ್ಲಿ ಓಡಿಸಿದ್ರೆ ಮೆತ್ತನೆ ರಬ್ಬರ್ ಬೇಗ ಸವೆದು ಹೋಗತ್ತೆ, ಬ್ರೇಕ್ ದೂರವೂ ಜಾಸ್ತಿ. ತೆಗೆದ ತಕ್ಷಣ ಚಾಕ್‌ಪೀಸಲ್ಲಿ ಮುಂದೆ ಎಡ, ಹಿಂದೆ ಬಲ ಅಂತ ಬರೀರಿ. ಉಪ್ಪು ಹೋಗೋ ಹಾಗೆ ತೊಳೆದು, ತೋಡುಗಳಲ್ಲಿ ಸಿಕ್ಕಿರೋ ಕಲ್ಲು ಕಿತ್ತು, ಒಣಗಿಸಿ ತಂಪು ಕತ್ತಲೆ ಜಾಗಕ್ಕೆ. ರಿಮ್ ಸಮೇತ ಇದ್ರೆ ಒಂದರ ಮೇಲೊಂದು ಮಲಗಿಸಿ ಇಲ್ಲ ನೇತುಹಾಕಿ, ಬರೀ ಟೈರ್ ಆದ್ರೆ ನಿಲ್ಲಿಸಿ ಇಟ್ಟು ಆಗಾಗ ಸ್ವಲ್ಪ ತಿರುಗಿಸ್ತಾ ಇರಿ. ಪೆಟ್ರೋಲ್, ಎಣ್ಣೆ ಹತ್ರ ಬೇಡ. ಎರಡು ಥರದ ಬೋಲ್ಟ್ ಇದ್ರೆ ಬಿಚ್ಚಿದ ಸೆಟ್ಟನ್ನ ಒಂದು ಕವರಿಗೆ ಹಾಕಿ ಯಾವ ರಿಮ್ಮಿಂದು ಅಂತ ಬರೆದು ಆ ಚಕ್ರಕ್ಕೇ ಕಟ್ಟಿಬಿಡಿ. ಸ್ಟೆಪ್ನಿ ಸ್ಟೀಲ್ ರಿಮ್ಮಿಂದಾಗಿದ್ದು ಅದಕ್ಕೆ ಬೇರೆ ಬೋಲ್ಟ್ ಬೇಕಂದ್ರೆ ಅವನ್ನ ಮಾತ್ರ ಮನೇಲಿ ಬಿಡದೆ ಡಿಕ್ಕಿಯಲ್ಲಿ ಜಾಕ್ ಪಕ್ಕ ಇಡಿ.